ರ ಒತ್ತು

ನಮ್ಮ ತಾತ ಮುನಿಚಿನ್ನಪ್ಪನಿಗೆ ಓದು ಬರುತ್ತಿರಲಿಲ್ಲ,
ಬರೆಯುವುದು ಬರುತ್ತಿತ್ತು.
ಸುಲ್ತಾನಪೇಟೆಯಿಂದ ಅರಳೇಪೇಟೆ ಚೌಕದವರೆಗೆ
ಅರ್ಧಕ್ಕರ್ಧ ಬೋರ್ಡು ಅವನದೇ ಕೈ.
ಯಾರೋ ಚೀಟಿಯಲ್ಲಿ ಗೀಚಿಕೊಟ್ಟದ್ದನ್ನು
ಬಳ್ಳಿ ಹಬ್ಬಿಸಿದ ಹಾಗೆ ತಗಡಿಗೆ ಇಳಿಸುತ್ತಿದ್ದ.
ಅದು ಅಕ್ಷರ ಅಂತ ಪೇಟೆಗೆ ಗೊತ್ತು.
ಅವನಿಗದು ಸುಳಿ, ಸೊಟ್ಟ, ಕೊಂಬು, ಬಾಲ.

ಶ್ರೀಪಾದ ಕಾಫಿ ಕ್ಲಬ್ಬಿನ ಒಳಕೋಣೆಗೆ
ಬರೆದದ್ದು ಎರಡೇ ಮಾತು. ಬಿಳಿ ತಗಡು, ನೀಲಿ ಬಣ್ಣ.
ಕೂಲಿ ಒಂದೂವರೆ ರೂಪಾಯಿ, ಮೇಲೊಂದು ಕಾಫಿ,
ಹೊರಜಗಲಿಯಲ್ಲಿ,
ಕಲಾಯಿ ಹೋದ ಲೋಟದಲ್ಲಿ.
ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಬೇಕು.
ತಾತನಿಗೆ ಸಿಟ್ಟೇನೂ ಬರಲಿಲ್ಲವಂತೆ.
ಕಾಫಿ ಚೆನ್ನಾಗಿತ್ತಂತೆ.

ಅಲ್ಲೊಬ್ಬ ಮಾಣಿ, ವಾದಿರಾಜ, ಹದಿಮೂರರವನು,
ಮೊಣಕೈವರೆಗೆ ಎಣ್ಣೆ ಸಿಡಿದ ಕಲೆ,
ರಾತ್ರಿ ರುಬ್ಬುಗಲ್ಲಿನ ಪಕ್ಕ ಗೋಣಿ ಹಾಸಿ ಮಲಗುವವನು.
'ಏನು ಬರ್ದಿದೀನಿ ಸ್ವಾಮಿ, ಓದಿ' ಅಂದ ತಾತ.
ಹುಡುಗ ಮೆಲ್ಲಗೆ ಓದಿದ:
'ಬ್ರಾಹ್ಮಣರಿಗೆ ಮಾತ್ರ.'
ಆಮೇಲೆ, ಯಾಕೋ ಏನೋ,
ಜಗಲಿಗೆ ಅಕ್ಕಿಹಿಟ್ಟು ಚೆಲ್ಲಿ ಬೆರಳಲ್ಲಿ ತಿದ್ದಿ ತೋರಿಸಿದ.
ಇದು ಬ. ಕೆಳಗೆ ನೀನು ಎಳೆದ ಕುಡುಗೋಲಿದೆಯಲ್ಲ,
ಅದು ರ ಒತ್ತು. ಮಾತ್ರದಲ್ಲೂ ಅದೇ.
'ಇನ್ನೆಲ್ಲೆಲ್ಲಿ ಬರ್ತದೆ ಈ ಬಾಲ?'
'ಚಂದ್ರನಲ್ಲಿ. ಸಮುದ್ರದಲ್ಲಿ.'
ಒಳಗೆ ತಿರುಗಿ ನೋಡಿ, ದನಿ ತಗ್ಗಿಸಿ,
'ಶೂದ್ರದಲ್ಲಿ.'

ನಮ್ಮ ವಂಶದ ಮೊದಲ ಓದು ಅದು.

ಸಿಟ್ಟು ಬಂದದ್ದು ಅಪ್ಪನಿಗೆ, ಒಂದು ತಲೆ ತಡವಾಗಿ.
ಗೂಡಿನ ಲೋಟ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.
ಎಪ್ಪತ್ತಮೂರರ ರಾತ್ರಿಗಳಲ್ಲಿ ಕೆಮ್ಮಣ್ಣು ಕಲಸಿಕೊಂಡು
ಮಿನರ್ವ ಸರ್ಕಲ್ಲಿನ ಗೋಡೆಗೋಡೆಗೂ ಬರೆದ:
ಪುರೋಹಿತಶಾಹಿಗೆ ಧಿಕ್ಕಾರ, ಜನಿವಾರಕ್ಕೆ ಧಿಕ್ಕಾರ.
'ವಾದಿರಾಜನಿಗೂನಾ?' ಅಂತ ಕೇಳಿದ್ದೆ.
'ಆ ಕೋಣೆಯೊಳಗೆ ಇದ್ದವನೇ ತಾನೆ ಅವನೂ.'
'ಇದ್ದ. ಕೂತಿರಲಿಲ್ಲ, ನಿಂತು ಬಡಿಸ್ತಿದ್ದ'
ಅಂದಳು ಅಜ್ಜಿ, ಅಡುಗೆಮನೆಯಿಂದ.
ಅಪ್ಪ ಉತ್ತರ ಕೊಡಲಿಲ್ಲ. ಕುಂಚ ತೊಳೆಯುತ್ತಲೇ ಇದ್ದ,
ಬಕೆಟ್ಟಿನ ನೀರೆಲ್ಲ ಕೆಂಪಾಗುವ ತನಕ.

ಶ್ರೀನಗರದಲ್ಲಿ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮನೆ ಎದ್ದಾಗ
ಗೃಹಪ್ರವೇಶದ ಮುಹೂರ್ತ ಕೇಳಲು
ಅದೇ ಅಪ್ಪ ಶಂಕರಪುರಕ್ಕೆ ಸೈಕಲ್ ತುಳಿದ.
ಅವ್ವನ ಹಟ ಅಂದ. ವಾಸ್ತು ಅಂದ. ಮಕ್ಕಳೊಂದಿಗ ಅಂದ.
ಬಂದ ಪುರೋಹಿತರು ನಮ್ಮ ನೀರು ಮುಟ್ಟಲಿಲ್ಲ.
ಬಾಳೆಹಣ್ಣು ತಗೊಂಡರು, ಅದಕ್ಕೆ ಸಿಪ್ಪೆಯಿದೆಯಲ್ಲ.
ಅಪ್ಪ ಕಾಲಿಗೆ ಬಿದ್ದ. ಎದ್ದಾಗ ಕಣ್ಣು ಕೆಂಪು.
ಹೋಮದ ಹೊಗೆ ಕಣೋ, ಅಂದ.
ನಾನು ಏನೂ ಕೇಳಿರಲಿಲ್ಲ.

ಈಗ ಕುಂಚವಿಲ್ಲ. ಕಾಟನ್‌ಪೇಟೆಯಲ್ಲಿ ನನ್ನದು ಫ್ಲೆಕ್ಸ್ ಅಂಗಡಿ.
ಶ್ರೀಪಾದ ಕ್ಲಬ್ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಮೊನ್ನೆ ತಮ್ಮ ಲಕ್ಷ್ಮೀಪತಿ ಬಂದ,
ಕತ್ರಿಗುಪ್ಪೆಯಲ್ಲಿ ಮೂರು ಮಹಡಿ ಎಬ್ಬಿಸಿದವನು.
'ಬೋರ್ಡು ಬೇಕಣ್ಣ. ಮನೆ ಬಾಡಿಗೆಗಿದೆ,
ಸಸ್ಯಾಹಾರಿಗಳಿಗೆ ಮಾತ್ರ.'
ಭಾನುವಾರದ ಕೈಮದುಂಡೆ ಏನಾಯ್ತೋ ಅಂದೆ.
'ಅದು ನಮ್ಮನೇಲಿ. ಬಾಡಿಗೆಗೆ ಯಾರ್ಯಾರೋ ಬರ್ತಾರೆ.'
ಯಾರ್ಯಾರೋ ಅನ್ನುವಾಗ ಅವನ ತುಟಿ
ಆ ಲೋಟ ಇಟ್ಟ ಗೂಡಿನ ಹಾಗೆ ಕಂಡಿತು.

ಕಾಫಿ ತರಿಸಿದೆ. ಪೇಪರ್ ಲೋಟ.
ಕುಡಿದು, ಹಿಂಡಿ, ಬುಟ್ಟಿಗೆಸೆದ. ತೊಳೆಯುವ ಕೆಲಸವಿಲ್ಲ.
ನಾನು ಒಂದೊಂದೇ ಅಕ್ಷರ ಒತ್ತಿದೆ.
ಪರದೆಯ ಮೇಲೆ, ತ ಕೆಳಗೆ, ತಾತ ಎಳೆದ ಅದೇ ಕುಡುಗೋಲು.
'ಮಾತ್ರ ಸ್ವಲ್ಪ ದಪ್ಪಕ್ಕಿರಲಿ' ಅಂದ ತಮ್ಮ.

ಫಾಂಟು ಕೆಟ್ಟಿದೆ, ನಾಳೆ ಬಾ, ಅಂದೆ.
ಫಾಂಟು ಕೆಟ್ಟಿರಲಿಲ್ಲ.