ಕೂದಲು ಪಾಚಿ

ದೆಬ್ರೆತ್ಸೆನ್ ಊರಿಗೆ ಸಮುದ್ರವಿಲ್ಲ.
ಹಂಗೇರಿಗೇ ಇಲ್ಲ.
ಅದಕ್ಕೇ ನನ್ನ ಕ್ಷೌರದಂಗಡಿಯಲ್ಲಿ
ಮೂರನೇ ಕುರ್ಚಿ ಇದ್ದ ಜಾಗಕ್ಕೆ
ಮುನ್ನೂರು ಲೀಟರ್ ಸಮುದ್ರ ತಂದುಕೊಂಡೆ,
ಉಪ್ಪನ್ನು ಬಕೆಟ್ಟಿನಲ್ಲಿ ನಾನೇ ಕದಡಿ.

ಎರಡು ವರ್ಷ ಹವಳಗಳು ಬಾಯಿ ತೆರೆದು ಮುಚ್ಚಿ
ಗಿರಾಕಿಗಳಿಗಿಂತ ಕಡಿಮೆ ಮಾತಾಡುತ್ತಾ ಸುಖವಾಗಿದ್ದವು.
ಫೆಬ್ರವರಿಯಲ್ಲಿ ಎಡಗಡೆಯ ಕಲ್ಲಿಗೆ
ಹದಿನಾಲ್ಕರ ಹುಡುಗನ ಹಾಗೆ ಮೀಸೆ ಚಿಗುರಿತು.
ಹಸಿರು ಮೀಸೆ. ನಕ್ಕೆ.
ವಾರದಲ್ಲಿ ಗಡ್ಡ.
ತಿಂಗಳಲ್ಲಿ ಜಡೆ ಹೆಣೆಯುವಷ್ಟು.

ಹಗಲೆಲ್ಲ ಊರಿನ ಕೂದಲು,
ರಾತ್ರಿ ಬಾಗಿಲೆಳೆದು ಕಲ್ಲಿನ ಕೂದಲು.
ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಸುತ್ತಿ ಕಿತ್ತೆ,
ಪೈಪಿನಲ್ಲಿ ಹೀರಿದೆ,
ಮೊಣಕೈತನಕ ಉಪ್ಪು ಒಣಗಿ ಬಿರಿಯಿತು.
ಮೂವತ್ತು ವರ್ಷ ಕತ್ತರಿ ಹಿಡಿದವನು ನಾನು;
ಕತ್ತರಿಸಿದ್ದು ಬೆಳೆಯುತ್ತದೆಂದು ನನಗೆ ಯಾರು ಹೇಳಬೇಕು?
ಅದೇ ಅಲ್ಲವೇ ನನ್ನ ಅನ್ನ.

ಬಸ್ಸು ಓಡಿಸುವ ಬೊತೊಂದ್ ಹೇಳಿದ: ದೀಪ ಕಡಿಮೆ ಮಾಡು.
ಅವನ ಭಾವಮೈದ ಹೇಳಿದ: ದೀಪ ಹೆಚ್ಚು ಮಾಡು.
ಶಂಖದಹುಳುಗಳನ್ನು ತರಿಸಿದೆ, ಹನ್ನೆರಡು.
ಎಳೆಯದನ್ನು ಮೇದವು, ಬಲಿತದ್ದಕ್ಕೆ ಮೂಸಿಯೂ ನೋಡಲಿಲ್ಲ.
ಮೂರು ದಿನ ಕತ್ತಲಲ್ಲಿಡು ಅಂದರು ಯಾರೋ.
ಕುತ್ತಿಗೆಗೆ ಕಟ್ಟುವ ಕಪ್ಪು ಬಟ್ಟೆಯನ್ನೇ ತೊಟ್ಟಿಗೆ ಹೊದಿಸಿದೆ.
ಬಂದವರೆಲ್ಲ ಕೇಳಿದರು:
"ಒಳಗೆ ಕೂತವರು ಯಾರು? ಬೋಳಿಸುತ್ತೀಯೋ, ಬರೀ ಟ್ರಿಮ್ಮೋ?"

ನಾಲ್ಕನೆಯ ದಿನ ಎತೆಲ್ಕಾ ಬಂದಳು.
ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಕೆಲಸ,
ಸೊಂಟದವರೆಗೆ ತಾಮ್ರದ ಬಣ್ಣದ ಕೂದಲು.
"ಸೋಮವಾರ ಔಷಧಿ ಶುರು. ಅದಾಗಿ ಉದುರುವ ಮೊದಲು
ನಾನೇ ಕಳಿಸುತ್ತೇನೆ. ಪೂರ್ತಿ ತೆಗೆ."
ಬಟ್ಟೆ ಬೇಕಿತ್ತು. ತೊಟ್ಟಿಯ ಮೇಲಿಂದ ಎಳೆದುಕೊಂಡೆ.
ಕತ್ತಲಿಂದ ಕಲ್ಲು ಕಂಡಿತು:
ಮಾಸಿದ್ದರೂ ಇನ್ನೂ ಮುಡಿ ತುಂಬ.

ಕನ್ನಡಿ ಬೇಡವೆಂದಳು. ಕುರ್ಚಿಯನ್ನು ಆ ಕಡೆ ತಿರುಗಿಸಿದೆ.
ಮಷೀನು ನೆತ್ತಿಯ ಮೇಲೆ ಮೊದಲ ದಾರಿ ಮಾಡುವಾಗ
ಅವಳು ತೊಟ್ಟಿಯನ್ನೇ ನೋಡುತ್ತಾ ಅಂದಳು:
"ಫಾಸ್ಫೇಟ್ ನೋಡಿದೆಯಾ?"
ನೋಡಿದ್ದೆ. ಸೊನ್ನೆ.
"ಸೊನ್ನೆಯೇ ಇರುತ್ತದೆ.
ಹಸಿರು ಎಲ್ಲ ತಿಂದು ಬಾಯಿ ಒರೆಸಿಕೊಂಡಿದೆ.
ನೀನು ಸುರಿಯುವ ನೀರನ್ನು ಕೇಳು, ತೊಟ್ಟಿಯದನ್ನಲ್ಲ."

ಬೋಳುತಲೆಯಲ್ಲೇ ಎದ್ದಳು.
ಬಕೆಟ್ಟಿನ ನೀರು ಗಾಜಿನ ಕೊಳವೆಗೆ, ಅದಕ್ಕೆ ಹನಿ ಎಣಿಸಿ ಹನಿ,
ಐದು ನಿಮಿಷ ಇಬ್ಬರೂ ಸುಮ್ಮನೆ.
ನೀಲಿ. ಶಾಯಿಯಷ್ಟು ನೀಲಿ.
ಫಿಲ್ಟರ್ ತಿರುಗಿಸಿ ತೆಗೆದಳು: ಎರಡು ವರ್ಷ ಬದಲಿಸದ ಬತ್ತಿ,
ತುಕ್ಕಿನ ಬಣ್ಣ, ಕೊಳೆತ ನಾರಿನ ವಾಸನೆ.
ನನ್ನ ಕಿವಿ ಬಿಸಿಯಾಯಿತು.
ಪ್ರತಿ ಶನಿವಾರ ಶುದ್ಧವೆಂದು ನಾನೇ ಅದಕ್ಕೆ
ಊಟ ಬಡಿಸುತ್ತಿದ್ದೆ.

ಆಮೇಲಿನದು ನಿಧಾನ.
ಹೊಸ ಬತ್ತಿ. ಸಿಗಡಿ ಕರಗಿದ ನೀರನ್ನು ತೊಟ್ಟಿಗಲ್ಲ, ಚರಂಡಿಗೆ.
ಮೀನಿಗೆ ಚಿಟಿಕೆ, ಅದರಲ್ಲೂ ಅರ್ಧ.
ಮೇಯಲ್ಲಿ ಹಾಗೇ ಇತ್ತು. ಜೂನಲ್ಲಿ ಬಿಳಿಚಿಕೊಂಡಿತು.
ಆಗಸ್ಟಲ್ಲಿ ಒಂದು ಬೆಳಿಗ್ಗೆ ಮುಟ್ಟಿದರೆ
ಬಾಚಣಿಗೆಗೆ ಬಂದ ಹಾಗೆ ಬೆರಳಿಗೇ ಬಂತು.
ಕುಣಿಯಬೇಕಿತ್ತು. ಯಾಕೋ ಆಗಲಿಲ್ಲ.
ಅವಳು ಎರಡು ವಾರದಿಂದ ಬಂದಿರಲಿಲ್ಲ.

ಅಕ್ಟೋಬರಿನಲ್ಲಿ ಬಾಗಿಲ ಗಂಟೆ.
ಉಣ್ಣೆ ಟೋಪಿ ತೆಗೆದಳು: ಬೂದಿ ಬಣ್ಣ,
ಬೆರಳುಗುರಿನುದ್ದ, ಹಿಂದೆಂದೂ ಇಲ್ಲದ ಗುಂಗುರು.
"ಯಾರದ್ದೋ ತಲೆ ಕೊಟ್ಟಿದ್ದಾರೆ," ಅಂದಳು.
ನೇರ ತೊಟ್ಟಿಗೆ ಹೋಗಿ ಮೂಗು ಒತ್ತಿದಳು.
"ಆ ಮೂಲೆಯಲ್ಲಿ ಇನ್ನೊಂದು ಚೂರಿದೆಯಲ್ಲ?"
ನೀರು ಬೀಳುವ ಬಾಯಿಯ ಹತ್ತಿರ, ಹುಳು ಹತ್ತದ ಕಡೆ,
ಹೌದು, ಒಂದು ಜುಟ್ಟು.
"ಇರಲಿ ಬಿಡು."

ಕೂತಳು. ಟ್ರಿಮ್ ಮಾಡು ಅಂದಳು.
ಮಾಡಲು ಏನಿತ್ತು?
ಕಪ್ಪು ಬಟ್ಟೆ ಕಟ್ಟಿ, ಕಿವಿಯ ಹಿಂದೆ, ಕತ್ತಿನ ಹತ್ತಿರ,
ಹತ್ತು ನಿಮಿಷ ಗಾಳಿಯನ್ನೇ ಕತ್ತರಿಸಿದೆ.
ಪೂರ್ತಿ ದುಡ್ಡು ಕೊಟ್ಟಳು.
ನಾನೂ ಪೂರ್ತಿ ತೆಗೆದುಕೊಂಡೆ.