ಐಸ್ ಪ್ಲಾಂಟಿನ ಕ್ಯಾಲೆಂಡರು

ಮಲ್ಪೆಯಲ್ಲಿ, ನಾನು ಬಿಲ್ಲು ಬರೆಯುವ ಮೇಜಿನ ಹಿಂದೆ
ಇರುವುದು ಒಂದೇ ಕ್ಯಾಲೆಂಡರು, ಸೊಸೈಟಿಯವರು ಕೊಟ್ಟದ್ದು.
ಅದರಲ್ಲಿ ಕೆಂಪು ಶಾಯಿ ಸಾಲಿಯಾನ್ ಸಾಹುಕಾರರದ್ದು, ನೀಲಿ ನನ್ನದು.
ಕೆಂಪು: ಜೂನ್ ಒಂದು, ಬೋಟು ಬಂದ್.
ನೀಲಿ: ಅದಕ್ಕೂ ವಾರ ಮೊದಲು, ಭಾನುವಾರ, ಪ್ರಿಲಿಮ್ಸ್.

ಮೇ ಕೊನೆಗೆ ಎಲ್ಲರಿಗೂ ಕೊನೆಯ ಟ್ರಿಪ್ಪಿನ ಅವಸರ.
ಐಸಿಗೆ ಸರತಿ. ಟೋಕನ್ ಹರಿಯುತ್ತ
ವಿಧಿಗಳನ್ನು ಬಾಯೊಳಗೇ ಜಗಿಯುತ್ತೇನೆ:
ಇನ್ನೂರ ಎಂಬತ್ತು, ಹಣಕಾಸು ಆಯೋಗ; ನಲವತ್ತು ಬ್ಲಾಕು, ಜಲದುರ್ಗಾ;
ಮುನ್ನೂರ ಇಪ್ಪತ್ತನಾಲ್ಕು, ಚುನಾವಣೆ; ಅರವತ್ತು, ಸೈಂಟ್ ಆಂಟನಿ.
ಒಮ್ಮೆ ಬಿಲ್ಲಿನಲ್ಲೇ ಮುನ್ನೂರ ಹದಿನೈದು ಬ್ಲಾಕು ಬರೆದುಬಿಟ್ಟೆ.
ತಾಂಡೇಲ ವಾಸು ಮೆಂಡನ್ ಚೀಟಿ ತಿರುಗಿಸಿ ನೋಡಿದ:
"ಇಷ್ಟು ತುಂಬಿದರೆ ಬೋಟಲ್ಲ ಮಾರಾಯ್ತಿ, ಹಿಮಾಲಯ."

ಶನಿವಾರ ರಾತ್ರಿ ಮೈಸೂರಿನ ಬಸ್ಸು.
ಸಂಪಾಜೆ ಘಾಟಿಯಲ್ಲಿ ಪಕ್ಕದವಳು ವಾಂತಿ ಮಾಡಿದಳು,
ಅವಳ ಕೈಯಲ್ಲೂ ಅದೇ ಪ್ರವೇಶಪತ್ರ.
ಒಂಬತ್ತೂವರೆಗೆ ಮೊದಲನೆಯದು. ಎರಡೂವರೆಗೆ ಇನ್ನೊಂದು.
ನಡುವೆ ಶಾಲೆಯ ನಲ್ಲಿಯ ಹತ್ತಿರ ಮೊಸರನ್ನ,
ಯಾರೂ ಯಾರನ್ನೂ ಉತ್ತರ ಕೇಳಬಾರದೆಂಬ ಮರ್ಯಾದೆ,
ಎಲ್ಲರೂ ಕೇಳುತ್ತಾರೆ.

ತಪ್ಪಿಗೆ ಮೂರನೆಯ ಒಂದು ಪಾಲು ಕಡಿತ.
ಇದನ್ನು ಅಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.
ದಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಏಲಂಗೆ ನಿಲ್ಲುವವಳು,
ಮೇಲಿನ ಬಂಗುಡೆ ನೋಡಿ ತಳದ್ದನ್ನು ಅಂದಾಜು ಮಾಡುವವಳು.
"ಏನೂ ಗೊತ್ತಿಲ್ಲದ ಬುಟ್ಟಿ ಬಿಡು. ಅರ್ಧ ಗೊತ್ತಿದ್ದರೆ ಕೂಗು."
ಉಡುಪಿಯ ಕೋಚಿಂಗಿನಲ್ಲಿ ಇಷ್ಟಕ್ಕೇ ಎರಡು ಕ್ಲಾಸು ತಕ್ಕೊಂಡಿದ್ದರು.

ಆಮೇಲೆ ಎರಡು ತಿಂಗಳು ಕಂಪ್ರೆಸರ್ ನಿಂತಿರುತ್ತದೆ.
ಬಂದರಿನಲ್ಲಿ ಬೋಟುಗಳು ಹೆಗಲಿಗೆ ಹೆಗಲು ತಾಗಿಸಿ
ಫಲಿತಾಂಶದ ಪಟ್ಟಿಯ ಹಾಗೆ, ಬರೀ ನಂಬರು.
ಓದಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.
ಲವಿಟಾ ಇದ್ದಾಗ ಇಬ್ಬರೂ ಬಲೆ ಹೆಣೆಯುವ ಶೆಡ್ಡಿನಲ್ಲಿ ಕೂರುತ್ತಿದ್ದೆವು;
ನಾಲ್ಕನೆಯ ಸಲದ ನಂತರ ಅವಳು ಬ್ರಹ್ಮಾವರದ ಕಡೆ ಗ್ರಾಮ ಲೆಕ್ಕಿಗಳಾದಳು.
ಪುಸ್ತಕಗಳನ್ನು ಕೊಟ್ಟಳು. ಅಂಚಿನಲ್ಲಿ ಅವಳ ಪೆನ್ಸಿಲು:
ಇದು ಮುಖ್ಯ. ಇದು ತುಂಬಾ ಮುಖ್ಯ. ನಿದ್ದೆ ಬರ್ತಾ ಉಂಟು.

ಸೀಸನ್ ಶುರುವಾದ ಬೆನ್ನಿಗೇ ಮೇನ್ಸ್. ಒಂಬತ್ತು ಪತ್ರಿಕೆ.
"ಐಸಿಗೆ ಬೆಂಕಿ ಬಿದ್ದ ಹೊತ್ತಲ್ಲಿ ರಜೆ ಕೇಳುವವಳು ನೀನೊಬ್ಬಳೇ"
ಎಂದ ಸಾಹುಕಾರರು ಬಸ್ಸಿನ ಟಿಕೆಟ್ಟು ತಾವೇ ತೆಗೆಸಿದರು.
ಮೂರು ಗಂಟೆ, ಇಪ್ಪತ್ತು ಪ್ರಶ್ನೆ.
ಕೊನೆಯ ದಿನ ಬೆರಳು ಚಮಚ ಹಿಡಿಯಲಿಲ್ಲ.

ಮೂರು ಸಲ ಪ್ರಿಲಿಮ್ಸ್‌ನಲ್ಲೇ ಬಿದ್ದವಳು
ಈ ಸಲ ದೆಹಲಿಯವರೆಗೆ ಹೋದೆ.
ಉದ್ದದ ಮೇಜು, ಐದು ಜನ, ಅಮ್ಮನ ಬೂದು ಬಣ್ಣದ ಸೀರೆ.
ಮೀನು ತಾಜಾ ಎಂದು ಹೇಗೆ ತಿಳಿಯುತ್ತೀರಿ, ಕೇಳಿದರು.
ಕಿವಿರು ಎತ್ತಿ ನೋಡುತ್ತೇವೆ ಸರ್, ಅಂದೆ.
ಆಮೇಲೆ ಅವರು ನನ್ನನ್ನು ನೋಡಿದರು,
ಅದೇ ರೀತಿ, ಸ್ವಲ್ಪ ಎತ್ತಿ.

ಫಲಿತಾಂಶ ಇನ್ನೂ ಬಂದಿಲ್ಲ.
ಮುಂದಿನ ವರ್ಷದ ಅರ್ಜಿಗೆ ಇವತ್ತು ಕಡೆಯ ದಿನ.
ಆದರೆ ಬೇಡ, ಆಗದಿದ್ದರೆ ಬೇಕು.
ಐಸು ತುಂಬುವುದೂ ಹಾಗೆಯೇ, ಮೀನು ಸಿಗುವ ಮೊದಲು;
ಖಾಲಿ ಬಂದ ಬೋಟಿನ ಐಸನ್ನು ದಕ್ಕೆಯಲ್ಲೇ ಸುರಿಯುತ್ತಾರೆ,
ಮಕ್ಕಳು ಹೆಕ್ಕಿ ತಿನ್ನುತ್ತಾರೆ.

ಎಷ್ಟನೆಯ ಪ್ರಯತ್ನ ಎಂಬ ಚೌಕದಲ್ಲಿ ಐದು ಎಂದು ಒತ್ತಿ
ಮೊಬೈಲು ಕಿಟಕಿಯ ಸರಳಿನಾಚೆ ಹಿಡಿದು ನಿಂತಿದ್ದೇನೆ.
ಇಲ್ಲಿ ಓಟಿಪಿ ಬರುವುದು ಸಮುದ್ರದ ಕಡೆಯಿಂದ.
ಹೊರಗೆ ವಾಸು ಕರೆಯುತ್ತಿದ್ದಾನೆ:
"ವಾರಿಜಾ, ಇವತ್ತು ಎಷ್ಟು ಬ್ಲಾಕು ಹಾಕ್ತೀ?"
ಸ್ವಲ್ಪ ತಡಿ, ಅನ್ನುತ್ತೇನೆ. ಬರ್ತಾ ಉಂಟು.