ಪದಕ್ಕಿಷ್ಟು

ಪುಂತಾ ಅರೇನಾಸಿನಲ್ಲಿ ಗಾಳಿ ಜೋರಾದ ದಿನ
ಚೌಕದ ಮೂಲೆಯಲ್ಲಿ ಹಗ್ಗ ಕಟ್ಟುತ್ತಾರೆ,
ಮಂದಿ ಹಿಡಿದು ದಾಟಲೆಂದು.
ಹಾಗೆ ಹಗ್ಗ ಹಿಡಿದೇ ಹೋಗಿದ್ದೆ ಮೊದಲ ಪಾಠಕ್ಕೆ,
ಕೈಯಲ್ಲಿನ್ನೂ ಏಡಿಯ ವಾಸನೆ,
ಜೇಬಿನಲ್ಲಿ ನಾಲ್ಕು ಮಡಿಕೆಯ ಪದ್ಯ.

ಅಗ್ನಿಶಾಮಕ ಠಾಣೆಯ ಮಹಡಿ. ಸೀಮೆಎಣ್ಣೆ ಒಲೆ. ಏಳು ಕುರ್ಚಿ.
ದೋನ್ಯಾ ಫ್ರೇಸಿಯಾ ನನ್ನ ಹಾಳೆ ಓದಲಿಲ್ಲ.
ಪೆನ್ಸಿಲಿನ ಮೊಂಡು ತುದಿಯಿಂದ
ಒಂದೊಂದೇ ಪದ ಕುಟ್ಟುತ್ತ ಎಣಿಸಿದಳು.
"ನೂರಾ ಹನ್ನೆರಡು," ಎಂದಳು.
"ದುಡ್ಡು ತಂದಿದ್ದೀಯಾ?"

ಮೂವತ್ತೊಂದು ವರ್ಷ ತಂತಿ ಕಚೇರಿಯ ಕಿಂಡಿಯ ಹಿಂದೆ
ಕೂತವಳು ಆಕೆ.
ಊರವರ ಸಾವು ಹುಟ್ಟು ಸಾಲ ಮದುವೆ
ಪದಕ್ಕಿಷ್ಟು ಎಂದು ತೂಗಿ ಕಳಿಸಿದವಳು.
ಸ್ವಂತಕ್ಕೆ ಒಂದು ಕವಿತೆ ಬರೆದವಳಲ್ಲ.
ಕಲಿಸಲು ಬೇರಾರೂ ಒಪ್ಪಿರಲಿಲ್ಲ, ಅಷ್ಟೆ.

"'ಅಗಾಧ' ಯಾರ ಲೆಕ್ಕಕ್ಕೆ?
ಸಮುದ್ರ ಅಂದರೆ ಸಾಕು,
ತನ್ನ ಅಗಲ ತಾನೇ ಹೊತ್ತು ತರುತ್ತೆ.
'ಹೃದಯ' ಬಿಡು, ಎಲ್ಲರ ತಂತಿಯಲ್ಲೂ ಬಂದು ಬಂದು
ಅದರ ಅಂಚು ಸವೆದಿದೆ.
ನಿನ್ನ ಕಾರ್ಖಾನೆಯಲ್ಲಿ ಏಡಿ ಬೇಯಿಸುವ ಹಂಡೆ,
ಅದಕ್ಕೆ ಏನಂತೀರಿ ನೀವು? ಅದನ್ನು ಬರಿ."
ಅದಕ್ಕೆ ನಾವು 'ಅತ್ತೆ' ಅನ್ನುತ್ತೇವೆ.
ಬರೆದೆ. ಏಳು ಕುರ್ಚಿಯೂ ನಕ್ಕವು.
"ನೋಡು, ಈಗ ಹಬೆ ಬಂತು."

ಹೀಗೇ ಒಂದು ಚಳಿಗಾಲ.
ಉಸಿರು ಎಲ್ಲಿ ಮುರಿಯಿತೋ ಅಲ್ಲಿ ಸಾಲು ಮುರಿಯಿರಿ, ಎಂದಳು.
ಮರುವಾರವೇ ಆ ಮಾತು ಹಿಂದಕ್ಕೆ ತೆಗೆದುಕೊಂಡಳು:
ತಗಡು ಹೊದಿಸುವ ಯೆರ್ಕೋಗೆ ಉಬ್ಬಸ,
ಅವನ ಸಾಲೆಲ್ಲ
ಎರಡೆರಡೇ
ಪದ.
"ನಿನಗೆ ಬೇರೆ ನಿಯಮ ಮಾರಾಯ,
ಸುತ್ತಿಗೆ ಏಟು ಎಣಿಸು."

ಪ್ರಾಸ ಬೇಕೇ ಎಂದರೆ ಕಿಟಕಿಯಾಚೆ ತೋರಿಸಿದಳು:
ಯಾರದೋ ಗೇಟು ಗಾಳಿಗೆ ಬಡಿಯುತ್ತಿತ್ತು,
ಬಿಟ್ಟು ಬಿಟ್ಟು, ಮತ್ತೆ ಅದೇ ದನಿ.
"ಹಾಗೆ ಬಂದರೆ ಬರಲಿ.
ಕೈಯಿಂದ ಹಿಡಿದು ಬಡಿಯಬೇಡಿ, ಪಕ್ಕದ ಮನೆಯವರಿಗೆ ಗೊತ್ತಾಗುತ್ತೆ."

ಮೊದಲ ಸಾಲು ಹೊಡೆದುಹಾಕಿ, ಅದು ಬರೀ ಕೆಮ್ಮು.
ಕೊನೆಯದೂ ಬೇಡ, ಎದ್ದು ಹೊರಟವನು
ಹೊಸ್ತಿಲಲ್ಲಿ ನಿಂತು ಹೇಳುವ ಬುದ್ಧಿವಾದ.
ಕಲಿತೆವು. ಎಷ್ಟು ಕಲಿತೆವೆಂದರೆ
ಆಗಸ್ಟಿನ ಹೊತ್ತಿಗೆ ನಮ್ಮ ಪದ್ಯಗಳಲ್ಲಿ
ಮೂಳೆ ಬಿಟ್ಟು ಇನ್ನೇನೂ ಇರಲಿಲ್ಲ.

ಆಗ ಕುರಿ ತುಪ್ಪಟ ಕತ್ತರಿಸುವ ಎಲಾದಿಯೋ
ತೀರಿಹೋದ ತಂಗಿಯ ಮೇಲೊಂದು ಪದ್ಯ ತಂದ.
'ಪುಟ್ಟ ಪುಟ್ಟ ಬೂಟು' ಎಂದಿತ್ತು.
ಓದುವ ಮೊದಲೇ, ಜಾಣ ಶಿಷ್ಯ,
ಒಂದು 'ಪುಟ್ಟ'ಕ್ಕೆ ತಾನೇ ಗೆರೆ ಎಳೆದ.

ದೋನ್ಯಾ ಫ್ರೇಸಿಯಾ ಒಲೆಯ ಬತ್ತಿ ತಗ್ಗಿಸಿದಳು,
ಮತ್ತೆ ಏರಿಸಿದಳು.
"ಚಿಲೋಯೆ ದ್ವೀಪದವನೊಬ್ಬ ಕಿಂಡಿಗೆ ಬಂದಿದ್ದ.
ಅಮ್ಮನಿಗೆ ತಂತಿ.
ಮಗು ಹೋಯಿತು. ಬರಬೇಡ. ಬರಬೇಡ.
ಒಂದು ಬರಬೇಡ ಸಾಲದೇ, ಎಂದೆ.
ಅಂಗೈಯ ಚಿಲ್ಲರೆ ನೋಡಿಕೊಂಡ. ತಲೆ ಆಡಿಸಿದ.
ಕತ್ತರಿಸಿ ಕಳಿಸಿದೆ.

ಎರಡು ಸಲ ಬರಬೇಡ ಅನ್ನುವವನು
ಬಾ ಅನ್ನುತ್ತಿರುತ್ತಾನೆ.
ಅಮ್ಮನಿಗೆ ಸಿಕ್ಕಿದ್ದು ಒಂದೇ.
ಅವಳು ಬರಲಿಲ್ಲ."

ಗೇಟು ಬಡಿಯಿತು.
ಆಕೆ ಪರ್ಸು ಹುಡುಕಿ ನೂರು ಪೆಸೋದ ನಾಣ್ಯವೊಂದನ್ನು
ಎಲಾದಿಯೋನ ಹಾಳೆಯ ಮೇಲೆ, ಹೊಡೆದ ಪದದ ಮೇಲೇ ಇಟ್ಟಳು.
"ಇದು ನನ್ನ ಬಾಬ್ತು. ವಾಪಸು ಬರಿ."

ಹೊರಗೆ ಗಾಳಿ ನಿಂತಿತ್ತು. ಹಗ್ಗ ಬಿಚ್ಚಿದ್ದರು.
ಚೌಕದ ಮೂಲೆಯಲ್ಲಿ ನಾವೆಲ್ಲ, ಯಾಕೋ,
ಅದಿದ್ದ ಎತ್ತರಕ್ಕೆ ಕೈ ಚಾಚಿಕೊಂಡೇ
ಮೆಲ್ಲ ಮೆಲ್ಲ ದಾಟಿದೆವು.